ಮನೆ ಸಾಗಣೆಯ ವೆಚ್ಚ: ಪುಣೆಯ ನಿವಾಸಿಗಳು ತಿಳಿದಿರಬೇಕಾದ ಸಂಗತಿಗಳು

ಉದ್ಯೋಗ, ವಿದ್ಯಾಭ್ಯಾಸ, ವರ್ಗಾವಣೆ ಮುಂತಾದ ಕಾರಣಗಳಿಂದ ಒಂದು ಮನೆಯಿಂದ ಮತ್ತೊಂದು ಮನೆಗೆ ಹೋಗುವುದು ನಗರಜೀವನದಲ್ಲಿ ಅನಿವಾರ್ಯವಾಗಿದೆ. ಪುಣೆಯಂತಹ ನಗರದಲ್ಲಿ ಇದು ಮತ್ತಷ್ಟು ಸಾಮಾನ್ಯ. ಇಲ್ಲಿ ಬಾಡಿಗೆ ಕರಾರುಗಳನ್ನು ಬಹುಮಟ್ಟಿಗೆ 11 ತಿಂಗಳ ಅವಧಿಗೆ ಮಾಡಿಕೊಳ್ಳುವ ರೂಢಿಯಿದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಪ್ರಕರಣದ ಮೇರೆಗೆ ಇಂತಹ ಕರಾರುಗಳು ಲಿಖಿತವಾಗಿರಬೇಕು ಮತ್ತು ನೋಂದಣಿಯಾಗಿರಬೇಕು. ಅವಧಿ ಮುಗಿದಾಗ ಕರಾರನ್ನು ನವೀಕರಿಸಿಕೊಳ್ಳಬೇಕು, ಇಲ್ಲವೇ ಸಾಮಾನು ಕಟ್ಟಬೇಕು. ವಿಜಯಪುರ, ಕಲಬುರಗಿ, ಬೆಳಗಾವಿ, ಧಾರವಾಡ ಕಡೆಗಳಿಂದ ಬಂದು ಪುಣೆಯಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಇದು ಪರಿಚಿತ ಅನುಭವವೇ ಆಗಿದೆ.

ಮನೆ ಬದಲಾಯಿಸುವವರು ಹೊಸ ಮನೆಯ ಠೇವಣಿ ಮತ್ತು ಬಾಡಿಗೆಗಳನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಸಾಮಾನು ಸಾಗಿಸುವ ಖರ್ಚನ್ನು ಮಾತ್ರ ಕೊನೆಯ ವಾರದವರೆಗೆ ಯೋಚಿಸಿರುವುದಿಲ್ಲ. ಅವಸರದಲ್ಲಿ ದೂರವಾಣಿಯ ಮೂಲಕ ವಿಚಾರಿಸಿ, ಅತಿ ಕಡಿಮೆ ದರ ಹೇಳಿದವರನ್ನು ಗೊತ್ತುಮಾಡಿದಾಗ ಎರಡು ಬಗೆಯ ನಷ್ಟ ಸಂಭವಿಸಬಹುದು. ಸಾಮಾನು ಒಡೆಯಬಹುದು, ಅಥವಾ ಸಾಮಾನು ವಾಹನದಲ್ಲಿರುವಾಗಲೇ ದರ ಏರಬಹುದು. ಆದ್ದರಿಂದ ಈ ವೆಚ್ಚ ಯಾವ ಯಾವ ಅಂಗಗಳಿಂದ ಕೂಡಿದೆ ಎಂಬುದನ್ನು ಅರಿತುಕೊಳ್ಳುವುದು ಅಗತ್ಯ.

ವಾಹನದ ಬಾಡಿಗೆ

ಸಾಗಣೆ ವಾಹನಗಳ ಇತಿಹಾಸದಲ್ಲಿ ಪುಣೆಗೆ ವಿಶೇಷ ಸ್ಥಾನವಿದೆ. ಇಂದು ನಾವು ಎಲ್ಲ ಸಣ್ಣ ಸರಕು ವಾಹನಗಳಿಗೂ ಬಳಸುವ ‘ಟೆಂಪೊ’ ಎಂಬ ಹೆಸರು ಜರ್ಮನಿಯ ಹ್ಯಾಂಬರ್ಗಿನ ಒಂದು ಕಂಪನಿಯದು. ಅದರ ಸಹಯೋಗದಲ್ಲಿ 1958ರಲ್ಲಿ ಆರಂಭವಾದ ಬಜಾಜ್ ಟೆಂಪೊ ಸಂಸ್ಥೆಯು ಪುಣೆ ಸಮೀಪದ ಆಕುರ್ಡಿಯಲ್ಲಿ ಬೆಳೆದು, 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಅದೇ 2005ರಲ್ಲಿ ಟಾಟಾ ಸಂಸ್ಥೆ ಹೊರತಂದ ‘ಏಸ್’ ವಾಹನವು ‘ಛೋಟಾ ಹಾಥಿ’ ಎಂಬ ಹೆಸರಿನಿಂದ ಮನೆಮಾತಾಯಿತು.

ಸುಮಾರು 750 ಕಿಲೋಗ್ರಾಂ ಹೊರುವ ಛೋಟಾ ಹಾಥಿಯು ಒಂದು ಕೋಣೆ, ಅಡುಗೆಮನೆಯ ಸಂಸಾರಕ್ಕೆ ಸಾಕಾಗುತ್ತದೆ. ಎರಡು ಮಲಗುವ ಕೋಣೆಗಳ ಮನೆಗೆ ದೊಡ್ಡ ಪಿಕಪ್ ವಾಹನ ಅಥವಾ 407 ಮಾದರಿಯ ಲಾರಿ ಬೇಕಾಗುತ್ತದೆ. ಬಾಡಿಗೆ ಉಳಿಸಲು ಚಿಕ್ಕ ವಾಹನವನ್ನು ಗೊತ್ತುಮಾಡಿ ಎರಡು ಸಲ ಓಡಿಸುವುದರಿಂದ ಹೆಚ್ಚಿನ ಸಂದರ್ಭಗಳಲ್ಲಿ ಉಳಿತಾಯವಾಗುವುದಿಲ್ಲ. ಕಾಯುವ ಸಮಯಕ್ಕೂ ಕೂಲಿ ತೆರಬೇಕಾಗುತ್ತದೆ.

ನಗರದೊಳಗಿನ ಸಾಗಣೆಯಲ್ಲಿ ದೂರಕ್ಕಿಂತ ಹೊತ್ತು ಮುಖ್ಯ. ಕೋಥರೂಡಿನಿಂದ ಹಡಪಸರಕ್ಕೆ ಹೋಗುವ ವಾಹನವು ಕಿಲೋಮೀಟರುಗಳಿಗಿಂತ ದಟ್ಟಣೆಯಲ್ಲಿ ಕಳೆಯುವ ಗಂಟೆಗಳಿಗೆ ಹೆಚ್ಚು ಬೆಲೆ ಕೇಳುತ್ತದೆ. ಸದಾಶಿವ ಪೇಠೆ, ನಾರಾಯಣ ಪೇಠೆ, ಕಸಬಾ ಪೇಠೆಗಳ ಇಕ್ಕಟ್ಟಾದ ಓಣಿಗಳಲ್ಲಿ ಲಾರಿ ಬಾಗಿಲವರೆಗೆ ಬರಲಾರದು. ಅಂತಹ ಕಡೆ ಪ್ರತಿಯೊಂದು ವಸ್ತುವನ್ನೂ ಮುಖ್ಯ ರಸ್ತೆಯವರೆಗೆ ಹೊತ್ತು ತರಬೇಕಾಗುತ್ತದೆ. ಭಾರಿ ವಾಹನಗಳಿಗೆ ಹಗಲಿನ ಕೆಲವು ಅವಧಿಗಳಲ್ಲಿ ನಿರ್ಬಂಧವಿರುವ ರಸ್ತೆಗಳೂ ಇವೆ. ಗಣೇಶೋತ್ಸವದ ವಿಸರ್ಜನೆಯ ದಿನಗಳಲ್ಲಿ ಮತ್ತು ಸಂತ ಜ್ಞಾನೇಶ್ವರ, ಸಂತ ತುಕಾರಾಮರ ಪಾಲಖಿಗಳು ನಗರವನ್ನು ಹಾದುಹೋಗುವ ದಿನಗಳಲ್ಲಿ ಮನೆ ಸಾಗಣೆಯನ್ನು ಇರಿಸಿಕೊಳ್ಳದಿರುವುದು ಲೇಸು.

ದಿನದ ಆಯ್ಕೆಯೂ ದರವನ್ನು ನಿರ್ಧರಿಸುತ್ತದೆ. ತಿಂಗಳ ಕೊನೆ, ಶನಿವಾರ, ಭಾನುವಾರ ಹಾಗೂ ದಸರಾ, ಯುಗಾದಿ, ಅಕ್ಷಯ ತೃತೀಯದಂತಹ ಶುಭದಿನಗಳಂದು ಬೇಡಿಕೆ ಹೆಚ್ಚು, ದರವೂ ಹೆಚ್ಚು. ಪಿತೃಪಕ್ಷದಲ್ಲಿ ಮನೆ ಬದಲಾಯಿಸುವವರು ವಿರಳ. ಸಂಪ್ರದಾಯದ ಅಡ್ಡಿಯಿಲ್ಲದವರು ಆ ಹದಿನೈದು ದಿನಗಳಲ್ಲಿ ಅಥವಾ ತಿಂಗಳ ನಡುವಿನ ವಾರದ ದಿನಗಳಲ್ಲಿ ಮಾತುಕತೆಯಾಡಿ ದರ ಇಳಿಸಿಕೊಳ್ಳಬಹುದು.

ಹೊರುವವರ ಕೂಲಿ

ಮನೆ ಸಾಗಣೆಯ ವೆಚ್ಚದಲ್ಲಿ ಬಹಳ ಜನ ಗಮನಿಸದಿರುವ ಅಂಶ ಇದು. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಿಂದ ಉಕ್ಕಿನ ಕಪಾಟನ್ನು ಇಳಿಸುವುದು ಬಲದ ಜೊತೆಗೆ ಅನುಭವವನ್ನೂ ಬೇಡುವ ಕೆಲಸ. ಮೆಟ್ಟಿಲಿನ ತಿರುವಿನಲ್ಲಿ ಕೆಳಗಿನವನು ಭಾರ ತಾಳುತ್ತಾನೆ, ಮೇಲಿನವನು ದಿಕ್ಕು ಹಿಡಿಯುತ್ತಾನೆ. ಇಬ್ಬರ ಹೊಂದಾಣಿಕೆ ತಪ್ಪಿದರೆ ಒಡೆಯುವುದು ಕಪಾಟು ಮಾತ್ರವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ಮಾಡಿದ ಶಿಫಾರಸಿನಂತೆ ವಯಸ್ಕ ಪುರುಷ ಕೆಲಸಗಾರನೊಬ್ಬನು ಹೊರುವ ಗರಿಷ್ಠ ಭಾರವು 55 ಕಿಲೋಗ್ರಾಂ ಮೀರಬಾರದು. ಬಟ್ಟೆ ಒಗೆಯುವ ಯಂತ್ರವಾಗಲಿ, ಪುಸ್ತಕ ತುಂಬಿದ ದೊಡ್ಡ ಪೆಟ್ಟಿಗೆಯಾಗಲಿ ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ.

ಹಮಾಲರ ಹಕ್ಕುಗಳ ಹೋರಾಟಕ್ಕೆ ಪುಣೆ ಪ್ರಮುಖ ಕೇಂದ್ರವಾಗಿತ್ತು ಎಂಬುದು ಇಲ್ಲಿ ಸ್ಮರಣೀಯ. ಡಾ. ಬಾಬಾ ಆಢಾವ ಅವರ ನೇತೃತ್ವದಲ್ಲಿ 1950ರ ದಶಕದಲ್ಲಿ ಇಲ್ಲಿ ಹಮಾಲ ಪಂಚಾಯತ್ ಸ್ಥಾಪನೆಯಾಯಿತು. ದುಡಿಯುವವರಿಗೆ ಅಗ್ಗದ ದರದಲ್ಲಿ ಊಟ ಒದಗಿಸಲು ಈ ಸಂಘಟನೆ 1974ರಲ್ಲಿ ‘ಕಷ್ಟಾಚಿ ಭಾಕರ್’, ಅಂದರೆ ದುಡಿಮೆಯ ರೊಟ್ಟಿ, ಎಂಬ ಭೋಜನಾಲಯವನ್ನು ಆರಂಭಿಸಿತು. ಹಮಾಲರ ಬೇಡಿಕೆಗಳ ಫಲವಾಗಿ ಮಹಾರಾಷ್ಟ್ರ ವಿಧಾನಮಂಡಲವು 1969ರಲ್ಲಿ ಮಾಥಾಡಿ, ಹಮಾಲ ಹಾಗೂ ಇತರ ಶ್ರಮಜೀವಿ ಕಾರ್ಮಿಕರ ಕಾಯಿದೆಯನ್ನು ಅಂಗೀಕರಿಸಿತು. ‘ಮಾಥಾ’ ಎಂದರೆ ಮರಾಠಿಯಲ್ಲಿ ತಲೆ. ತಲೆಯ ಮೇಲೆ ಭಾರ ಹೊರುವವನೇ ಮಾಥಾಡಿ. ಈ ಕಾಯಿದೆಯಡಿ ರಚಿತವಾದ ಮಂಡಳಿಗಳು ಕಾರ್ಮಿಕರನ್ನು ನೋಂದಾಯಿಸುತ್ತವೆ. ಮಾಲೀಕರು ಕೂಲಿಯ ಜೊತೆಗೆ ನಿಗದಿತ ಲೆವಿಯನ್ನು ಮಂಡಳಿಗೆ ಕಟ್ಟಬೇಕು. ಅದರಿಂದ ಭವಿಷ್ಯನಿಧಿ, ರಜಾ ವೇತನ ಮುಂತಾದ ಸೌಲಭ್ಯಗಳು ದೊರೆಯುತ್ತವೆ.

ಆದರೆ ಮನೆ ಸಾಗಣೆಗೆ ಬರುವ ಕೆಲಸಗಾರರಲ್ಲಿ ಅನೇಕರಿಗೆ ಇಂತಹ ರಕ್ಷಣೆಯಿಲ್ಲ. ಅವರು ದಿನಗೂಲಿಯವರು. ಬೆನ್ನು ಉಳುಕಿದ ದಿನ ಅವರಿಗೆ ಗಳಿಕೆಯಿಲ್ಲ.

ಒಂದು ಮಾದರಿ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ನೋಡೋಣ. ಇಲ್ಲಿನ ಅಂಕಿಗಳನ್ನು ಲೆಕ್ಕದ ಅನುಕೂಲಕ್ಕಾಗಿ ತೆಗೆದುಕೊಳ್ಳಲಾಗಿದೆ. ದಿನ, ಬಡಾವಣೆ ಮತ್ತು ಸಾಮಾನಿನ ಪ್ರಮಾಣವನ್ನು ಅನುಸರಿಸಿ ಇವು ಬದಲಾಗುತ್ತವೆ. ಎರಡು ಮಲಗುವ ಕೋಣೆಗಳ ಮನೆಯೊಂದನ್ನು ಸದಾಶಿವ ಪೇಠೆಯಿಂದ ಹಡಪಸರಕ್ಕೆ ಸಾಗಿಸಬೇಕೆಂದು ಇಟ್ಟುಕೊಳ್ಳೋಣ.

ವಾಹನದ ಬಾಡಿಗೆ: 2,500 ರೂ.
ನಾಲ್ವರು ಕೆಲಸಗಾರರ ಕೂಲಿ, ತಲಾ 800 ರೂ.ಗಳಂತೆ: 3,200 ರೂ.
ರಟ್ಟಿನ ಪೆಟ್ಟಿಗೆ, ಹೊದಿಕೆ, ಹಗ್ಗ ಇತ್ಯಾದಿ: 1,200 ರೂ.
ಮಂಚ, ಹವಾನಿಯಂತ್ರಕ ಮುಂತಾದವನ್ನು ಬಿಚ್ಚಿ ಜೋಡಿಸಲು: 1,200 ರೂ.
ಒಟ್ಟು: 8,100 ರೂ.

ಕಟ್ಟುವುದು, ಹೊರುವುದು, ಸಾಗಿಸುವುದು ಎಲ್ಲವನ್ನೂ ಒಟ್ಟಿಗೆ ವಹಿಸಿಕೊಳ್ಳುವ ಸಂಸ್ಥೆಗಳು ಸಾಮಾನ್ಯವಾಗಿ ಇದರ ಮೇಲೆ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆಯನ್ನು ಸೇರಿಸುತ್ತವೆ. ಆಗ ತೆರಿಗೆ 1,458 ರೂ.ಗಳಾಗಿ, ಪಾವತಿಸಬೇಕಾದ ಮೊತ್ತ 9,558 ರೂ.ಗಳಾಗುತ್ತದೆ. ಹೇಳಿದ ದರವು ತೆರಿಗೆ ಸಹಿತವೋ ರಹಿತವೋ ಎಂಬುದನ್ನು ಮೊದಲೇ ಕೇಳದಿದ್ದರೆ ಈ ಅಂತರ ಕೊನೆಯಲ್ಲಿ ಎದುರಾಗುತ್ತದೆ. ಅದಲ್ಲದೆ, ಅನೇಕ ವಸತಿ ಸಂಘಗಳು ಮನೆ ಬಿಡುವಾಗ ಮತ್ತು ಸೇರುವಾಗ ಶುಲ್ಕ ಅಥವಾ ಠೇವಣಿ ಕೇಳುತ್ತವೆ, ಲಿಫ್ಟ್ ಬಳಕೆಗೆ ಸಮಯ ಗೊತ್ತುಮಾಡುತ್ತವೆ. ಎರಡೂ ಕಡೆಯ ನಿಯಮಗಳನ್ನು ವಾರದ ಮೊದಲೇ ವಿಚಾರಿಸುವುದು ಅವಶ್ಯ.

ಈಗ ಇದೇ ಕೆಲಸವನ್ನು ಮತ್ತೊಬ್ಬರು 5,300 ರೂ.ಗಳಿಗೆ ಮಾಡಿಕೊಡುತ್ತೇವೆ ಎಂದರೆ ಏನೆಂದು ಭಾವಿಸಬೇಕು? ಕಡಿಮೆಯಾದ 2,800 ರೂ.ಗಳು ಎಲ್ಲಿಂದಲೋ ಬಂದಿರಲೇಬೇಕು. ಇಬ್ಬರು ಕೆಲಸಗಾರರ ಕೂಲಿ 1,600 ರೂ. ಮತ್ತು ಕಟ್ಟುವ ಸಾಮಗ್ರಿಯ 1,200 ರೂ. ಸೇರಿದರೆ ಸರಿಯಾಗಿ ಅಷ್ಟೇ ಆಗುತ್ತದೆ. ಎಂದರೆ, ನಾಲ್ವರು ಹೊರಬೇಕಾದುದನ್ನು ಇಬ್ಬರು ಹೊರುತ್ತಾರೆ, ಹೊದಿಕೆಯಿಲ್ಲದ ಗಾಜು ವಾಹನ ಏರುತ್ತದೆ. ಇಲ್ಲವಾದರೆ ಉಳಿದ ಹಣವನ್ನು ಹೊಸ ಮನೆಯ ಬಾಗಿಲಲ್ಲಿ ಕೇಳಲಾಗುತ್ತದೆ. ಆದ್ದರಿಂದ ಒಟ್ಟು ಮೊತ್ತಗಳನ್ನು ಮಾತ್ರ ಹೋಲಿಸದೆ, ಮೇಲಿನ ಅಂಗಗಳನ್ನು ಒಂದೊಂದಾಗಿ ಹೋಲಿಸಬೇಕು.

ಸಾಮಾನು ಕಡಿಮೆಯಿರುವವರು, ಕಟ್ಟುವ ಕೆಲಸವನ್ನು ಮನೆಮಂದಿಯೇ ಮಾಡಿಕೊಂಡು, ವಾಹನ ಮತ್ತು ಕೆಲಸಗಾರರನ್ನು ಬೇರೆಬೇರೆಯಾಗಿ ಗೊತ್ತುಮಾಡಬಹುದು. ಪಾತ್ರೆಗಳನ್ನು ಹಳೆಯ ಸೀರೆ, ಪಂಚೆಗಳಲ್ಲಿ ಸುತ್ತುವುದು, ಪುಸ್ತಕಗಳನ್ನು ಚಿಕ್ಕ ಪೆಟ್ಟಿಗೆಗಳಲ್ಲಿ ತುಂಬುವುದು, ಪ್ರತಿ ಪೆಟ್ಟಿಗೆಯ ಮೇಲೂ ಯಾವ ಕೋಣೆಯದೆಂದು ಬರೆಯುವುದು ಖರ್ಚಿಲ್ಲದ ಉಪಾಯಗಳು. ಬೇಡವಾದ ವಸ್ತುಗಳನ್ನು ಸಾಗಣೆಗೆ ಮುಂಚೆಯೇ ವಿಲೇವಾರಿ ಮಾಡುವುದರಿಂದ ವಾಹನದ ಗಾತ್ರವೇ ಕಿರಿದಾಗಬಹುದು.

ಬರವಣಿಗೆಯಲ್ಲಿರಲಿ

ಸಂಸ್ಥೆಯ ಪ್ರತಿನಿಧಿಯು ಮನೆಗೆ ಬಂದು ಸಾಮಾನನ್ನು ನೋಡಿದ ನಂತರವೇ ದರವನ್ನು ಒಪ್ಪಿಕೊಳ್ಳಬೇಕು. ವಸ್ತುಗಳ ಪಟ್ಟಿ, ವಾಹನದ ಮಾದರಿ, ಕೆಲಸಗಾರರ ಸಂಖ್ಯೆ, ಮಹಡಿ, ದಿನಾಂಕ, ಮುಂಗಡ ಮತ್ತು ಬಾಕಿ ಮೊತ್ತ ಇವೆಲ್ಲವೂ ಬರವಣಿಗೆಯಲ್ಲಿರಬೇಕು. ಪೂರ್ಣ ಹಣವನ್ನು ಮುಂಗಡವಾಗಿ ಕೊಡಬಾರದು. ತೆರಿಗೆ ವಿಧಿಸುವ ಸಂಸ್ಥೆಯ ರಸೀದಿಯಲ್ಲಿ 15 ಅಂಕಿ-ಅಕ್ಷರಗಳ ತೆರಿಗೆ ನೋಂದಣಿ ಸಂಖ್ಯೆ ಇರಬೇಕು. ಮಹಾರಾಷ್ಟ್ರದಲ್ಲಿ ನೋಂದಾಯಿತವಾದುದು 27ರಿಂದ, ಕರ್ನಾಟಕದ್ದು 29ರಿಂದ ಆರಂಭವಾಗುತ್ತದೆ. ಹೆಸರಾಂತ ಸಂಸ್ಥೆಗಳ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡು ವ್ಯವಹರಿಸುವವರೂ ಇರುವುದರಿಂದ, ಕಚೇರಿಯ ವಿಳಾಸವನ್ನು ಖುದ್ದಾಗಿ ಪರಿಶೀಲಿಸುವುದು ಉತ್ತಮ. ಒಡವೆ, ಹಣ, ಪ್ರಮಾಣಪತ್ರ, ಆಸ್ತಿಪತ್ರಗಳನ್ನು ಯಾರ ವಶಕ್ಕೂ ಕೊಡದೆ ತಾವೇ ಒಯ್ಯಬೇಕು. ಅಡುಗೆ ಅನಿಲದ ಸಿಲಿಂಡರನ್ನು ಸಾಮಾನಿನ ನಡುವೆ ಸಾಗಿಸದೆ, ವಿತರಕರ ಮೂಲಕ ಸಂಪರ್ಕ ವರ್ಗಾಯಿಸಿಕೊಳ್ಳಬೇಕು.

ಹಾನಿಯ ಹೊಣೆ

ಸರಕು ರಸೀದಿಯ ಮೇಲೆ ವಹಿವಾಟು ನಡೆಸುವ ಸಾರ್ವಜನಿಕ ಸಾಗಣೆದಾರರಿಗೆ 2007ರ ರಸ್ತೆ ಮೂಲಕ ಸಾಗಣೆ ಕಾಯಿದೆ ಅನ್ವಯಿಸುತ್ತದೆ. ಇದು 1865ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದುದು. 2011ರ ನಿಯಮಗಳ ಪ್ರಕಾರ, ಹೆಚ್ಚಿನ ಹೊಣೆಯ ದರ ತೆತ್ತು ಮೌಲ್ಯವನ್ನು ಘೋಷಿಸದಿದ್ದರೆ, ಹಾನಿಗೆ ಸಾಗಣೆದಾರನ ಹೊಣೆಯು ಸಾಗಣೆ ಬಾಡಿಗೆಯ 10 ಪಟ್ಟಿಗೆ ಸೀಮಿತ. ಸಾಗಣೆ ಬಾಡಿಗೆ 2,500 ರೂ. ಆಗಿದ್ದರೆ, ಲಕ್ಷಾಂತರ ಮೌಲ್ಯದ ಸಾಮಾನು ನಷ್ಟವಾದರೂ ಈ ಮಿತಿ 25,000 ರೂ. ಮಾತ್ರ. ದಾವೆ ಹೂಡುವ ಮುನ್ನ, ಸಾಮಾನು ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ನೀಡಿರಬೇಕು.

‘ವಿಮೆ ಸೇರಿದೆ’ ಎಂಬ ಮಾತನ್ನು ಕೇಳಿ ತೃಪ್ತರಾಗಬಾರದು. ಸಂಸ್ಥೆಯವರು ತಮ್ಮದೇ ಕಾಗದದಲ್ಲಿ ಬರೆದುಕೊಡುವ ಭರವಸೆ ವಿಮೆಯಲ್ಲ. ಅಧಿಕೃತ ವಿಮಾ ಕಂಪನಿಯ ಪಾಲಿಸಿಯ ಪ್ರತಿಯನ್ನು ಸಾಗಣೆಗೆ ಮುಂಚೆಯೇ ಪಡೆಯಬೇಕು. ದುಬಾರಿ ವಸ್ತುಗಳ ಛಾಯಾಚಿತ್ರ ತೆಗೆದಿಟ್ಟುಕೊಂಡು, ಹಾನಿಯಾಗಿದ್ದಲ್ಲಿ ಇಳಿಸಿಕೊಳ್ಳುವ ರಸೀದಿಯ ಮೇಲೆಯೇ ಅದನ್ನು ನಮೂದಿಸಿ ಸಹಿ ಮಾಡಬೇಕು.

ಬಾಗಿಲಲ್ಲಿ ಬರುವ ಬೇಡಿಕೆ

ಸಾಮಾನು ಇಳಿಸುವ ಸ್ಥಳದಲ್ಲಿ ಕೆಲವೊಮ್ಮೆ ಅಪರಿಚಿತರು ಬಂದು, ಇಳಿಸುವ ಹಕ್ಕು ತಮ್ಮದೆಂದೂ, ಬೇರೆಯವರು ಇಳಿಸಿದರೂ ತಮಗೆ ಹಣ ಸಲ್ಲಬೇಕೆಂದೂ ಒತ್ತಾಯಿಸುವುದುಂಟು. 1969ರ ಕಾಯಿದೆಯು ದುಡಿದವನಿಗೆ ನ್ಯಾಯವಾದ ಕೂಲಿ ದೊರಕಿಸಲು ಬಂದುದೇ ಹೊರತು, ದುಡಿಯದವನಿಗೆ ಹಣ ಕೊಡಿಸಲು ಅಲ್ಲ. ಕುಟುಂಬವೊಂದು ತನ್ನ ಮನೆಯ ಸಾಮಾನನ್ನು ತಾನೇ ಇಳಿಸಿಕೊಂಡಾಗ ಮಾಡದ ಕೆಲಸಕ್ಕೆ ಕೂಲಿ ತೆರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನೆರೆಯ ಕೇರಳದಲ್ಲಿ ‘ನೋಕ್ಕುಕೂಲಿ’, ಎಂದರೆ ನೋಡುತ್ತ ನಿಂತುದಕ್ಕೆ ಕೇಳುವ ಕೂಲಿ, ಎಂದು ಕರೆಯುವ ಇಂತಹುದೇ ಪದ್ಧತಿಯನ್ನು ಅಲ್ಲಿನ ಸರ್ಕಾರವು 2018ರ ಮೇ 1ರಿಂದ ರದ್ದುಗೊಳಿಸಿತು. ಕಾಸರಗೋಡಿನ ಕನ್ನಡಿಗರಿಗೆ ಈ ಪದ ಚಿರಪರಿಚಿತ. ಬೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೆಯ ಪ್ರಕರಣದಡಿ ಅಪರಾಧ. ವಾಗ್ವಾದಕ್ಕೆ ಇಳಿಯದೆ 112 ಸಂಖ್ಯೆಗೆ ಕರೆಮಾಡಿ ಪೊಲೀಸರ ನೆರವು ಪಡೆಯಬೇಕು.

ದೂರು ಸಲ್ಲಿಸುವ ಬಗೆ

ಒಪ್ಪಿದ ದರಕ್ಕಿಂತ ಹೆಚ್ಚು ಕೇಳಿ ಸಾಮಾನನ್ನು ತಡೆಹಿಡಿಯುವುದು, ಹಾನಿಗೆ ಪರಿಹಾರ ನಿರಾಕರಿಸುವುದು ಸೇವಾಲೋಪವೆನಿಸುತ್ತದೆ. ಮೊದಲು ಸಂಸ್ಥೆಗೆ ಲಿಖಿತವಾಗಿ ತಿಳಿಸಬೇಕು. ಫಲ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಇಲ್ಲಿ ಕನ್ನಡದಲ್ಲಿಯೂ ದೂರು ಹೇಳಿಕೊಳ್ಳುವ ಅವಕಾಶವಿದೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂ.ಗಳವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವೂ ಅಲ್ಲ. ಬರವಣಿಗೆಯ ಕರಾರು, ವಸ್ತುಗಳ ಪಟ್ಟಿ ಮತ್ತು ರಸೀದಿ ಈ ಮೂರು ಕೈಯಲ್ಲಿದ್ದರೆ ದೂರಿಗೆ ಬಲ ಬರುತ್ತದೆ.

ಮನೆ ಸಾಗಣೆಯಲ್ಲಿ ಕುಟುಂಬದ ವರ್ಷಗಳ ಉಳಿತಾಯ ಕೆಲವು ಗಂಟೆಗಳ ಕಾಲ ಅಪರಿಚಿತರ ಹೆಗಲ ಮೇಲಿರುತ್ತದೆ. ಆ ಹೆಗಲಿಗೆ ಸಲ್ಲಬೇಕಾದ ಕೂಲಿಯನ್ನು ಮೊದಲೇ ಮಾತನಾಡಿ, ಬರೆದಿಟ್ಟು, ಕೆಲಸ ಮುಗಿದೊಡನೆ ಪೂರ್ತಿಯಾಗಿ ಸಲ್ಲಿಸುವುದು ಇಬ್ಬರಿಗೂ ಹಿತ. ಸಲ್ಲದ ಬೇಡಿಕೆಯನ್ನು ನಿರಾಕರಿಸುವ ಧೈರ್ಯವೂ ಆಗ ಗ್ರಾಹಕನಿಗೆ ತಾನಾಗಿ ಬರುತ್ತದೆ.