ಕರ್ನಲ್ ಬದಲಾದಾಗ ವರ್ಚುವಲ್ ಯಂತ್ರಕ್ಕೆ ಏನಾಗುತ್ತದೆ?

ಉಬುಂಟು ಅಪ್‌ಗ್ರೇಡ್ ಮುಗಿದು ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಬ್ರೌಸರ್ ತೆರೆದುಕೊಳ್ಳುತ್ತದೆ, ಹಾಡು ಕೇಳಿಸುತ್ತದೆ, ಪ್ರಿಂಟರ್ ಕೂಡ ತಕರಾರು ಮಾಡುವುದಿಲ್ಲ. ವರ್ಚುವಲ್‌ಬಾಕ್ಸ್ ಒಳಗಿದ್ದ ವಿಂಡೋಸ್ ಮಾತ್ರ ಮೇಲೇಳುವುದಿಲ್ಲ. ‘ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್’ ಎಂಬ ಸಂದೇಶ, ಜೊತೆಗೆ -1908 ಎಂಬ ಸಂಖ್ಯೆ. ಬೇರೆ ಯಾವುದಕ್ಕೂ ಆಗದ್ದು ಇದಕ್ಕೊಂದಕ್ಕೇ ಯಾಕಾಯಿತು?

ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಭಾಗಗಳಿವೆ. ನಮಗೆ ಕಾಣುವ ಕಿಟಕಿ ಎಲ್ಲದರಂತೆ ಒಂದು ಸಾಮಾನ್ಯ ತಂತ್ರಾಂಶ. ಕಾಣದಿರುವ ಇನ್ನೊಂದು ಭಾಗ ‘ವಿಬಾಕ್ಸ್‌ಡ್ರೈವ್’ ಎಂಬ ಮಾಡ್ಯೂಲ್. ಅದು ಕೂತಿರುವುದು ಉಬುಂಟುವಿನ ಬುಡದಲ್ಲಿರುವ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ. ಒಂದು ಆಪರೇಟಿಂಗ್ ಸಿಸ್ಟಮ್ ಒಳಗೆ ಇನ್ನೊಂದನ್ನು ಓಡಿಸಬೇಕಾದರೆ ಪ್ರೊಸೆಸರನ್ನು ವಿಶೇಷ ಸ್ಥಿತಿಗೆ ತರಬೇಕು. ಇಂಟೆಲ್ 2005ರಲ್ಲಿ ಹೊರತಂದ ವಿಟಿ-ಎಕ್ಸ್, ಮರುವರ್ಷ ಬಂದ ಎಎಂಡಿ-ವಿ ಇರುವುದು ಇದಕ್ಕಾಗಿಯೇ. ಆ ಆದೇಶ ಕೊಡುವ ಅಧಿಕಾರ ಕರ್ನಲ್‌ಗೆ ಮಾತ್ರ ಇರುವುದರಿಂದ ವರ್ಚುವಲ್‌ಬಾಕ್ಸ್ ಅದರೊಳಗೆ ಕಾಲಿಡದೆ ವಿಧಿಯಿಲ್ಲ.

ತೊಂದರೆಯ ಬೇರು ಇಲ್ಲಿದೆ. ಲಿನಕ್ಸ್ ತನ್ನ ಮೇಲೆ ಓಡುವ ತಂತ್ರಾಂಶಗಳಿಗೆ ಗಟ್ಟಿಯಾದ ಮಾತು ಕೊಟ್ಟಿದೆ: ಕರ್ನಲ್ ಬದಲಾದರೂ ನಿಮ್ಮ ಕೆಲಸ ನಿಲ್ಲಬಾರದು. ಲಿನಕ್ಸ್ ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್ ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಟ್ಟವರಲ್ಲ. ಆದರೆ ಕರ್ನಲ್‌ನ ಒಳಗಿನ ಭಾಗಗಳು ಪರಸ್ಪರ ಮಾತಾಡುವ ರೀತಿಗೆ ಅಂಥ ಯಾವ ಭರವಸೆಯೂ ಇಲ್ಲ. 2020ರಲ್ಲಿ ಬಂದ 5.8 ಆವೃತ್ತಿಯನ್ನೇ ನೋಡಿ. ಮೆಮೊರಿ ಕೇಳಲು ಬಳಸುವ ‘ವಿಮ್ಯಾಲಕ್’ ಗುಂಪಿನ ಒಂದು ಫಂಕ್ಷನ್‌ಗೆ ಅಲ್ಲಿಯವರೆಗೆ ಮೂರು ವಿವರ ಕೊಡಬೇಕಿತ್ತು, ಆಮೇಲೆ ಎರಡೇ ಸಾಕಾಯಿತು. ಕರ್ನಲ್‌ನ ಮೂಲ ಕೋಡ್‌ನಲ್ಲಿ ಅದನ್ನು ಕರೆಯುತ್ತಿದ್ದ ಎಲ್ಲ ಸಾಲುಗಳನ್ನೂ ಜೊತೆಯಲ್ಲೇ ತಿದ್ದಲಾಯಿತು. ಹೊರಗಿನಿಂದ ಬಂದು ಮೂರು ವಿವರ ಕೊಡುವ ಮಾಡ್ಯೂಲ್ ಕಂಪೈಲ್ ಆಗದೆ ನಿಂತಿತು.

ಫಂಕ್ಷನ್ ಬದಲಾಗದಿದ್ದರೂ ಹಳೆಯ ಮಾಡ್ಯೂಲ್ ಹೊಸ ಕರ್ನಲ್‌ಗೆ ಸಲ್ಲುವುದಿಲ್ಲ. ಯಾವ ಕರ್ನಲ್‌ಗಾಗಿ ತಯಾರಾಯಿತು ಎಂಬುದು ಪ್ರತಿ ಮಾಡ್ಯೂಲ್‌ನೊಳಗೂ ಬರೆದಿರುತ್ತದೆ. ಹೊಂದದಿದ್ದರೆ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಪ್ರತಿ ಅಪ್‌ಡೇಟ್‌ಗೂ ಹೊಸದಾಗಿ ಕಂಪೈಲ್ ಮಾಡಬೇಕು. ಡೆಲ್ ಕಂಪನಿಯಲ್ಲಿ ಹುಟ್ಟಿದ ಡಿಕೆಎಂಎಸ್ ಎಂಬ ತಂತ್ರಾಂಶ ಈ ಕೆಲಸವನ್ನು ತಾನಾಗಿಯೇ ಮಾಡುತ್ತದೆ. ಆದರೆ ಅದಕ್ಕೆ ಹೊಸ ಕರ್ನಲ್‌ನ ಹೆಡರ್ ಕಡತಗಳು ಬೇಕು. ಎಷ್ಟೋ ಕಂಪ್ಯೂಟರುಗಳಲ್ಲಿ ಕೊರತೆ ಅದೊಂದೇ.

ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಮಾಡ್ಯೂಲ್‌ಗೆ ನಂಬಿಕಸ್ಥ ಕೀಲಿಯಿಂದ ಡಿಜಿಟಲ್ ಸಹಿಯೂ ಬೇಕು. ರೀಸ್ಟಾರ್ಟ್ ಆಗುವಾಗ ಒಮ್ಮೆ ಬರುವ ನೀಲಿ ಪರದೆ ಆ ಕೀಲಿಯನ್ನು ನೋಂದಾಯಿಸಿಕೊಳ್ಳಲು ಕೇಳುತ್ತದೆ. ಅಲ್ಲಿ ಮೊದಲ ಆಯ್ಕೆಯನ್ನೇ ಒತ್ತಿ ಮುಂದೆ ಹೋದವರಿಗೆ ಮಾಡ್ಯೂಲ್ ತಯಾರಿದ್ದೂ ಪ್ರಯೋಜನವಿಲ್ಲ.

2024ರ ನವೆಂಬರ್‌ನಲ್ಲಿ ಬಂದ 6.12 ಆವೃತ್ತಿಯ ಕಥೆ ಇನ್ನೂ ಕುತೂಹಲದ್ದು. ಮಾಡ್ಯೂಲ್ ಕಂಪೈಲ್ ಆಯಿತು, ಒಳಗೂ ಹೋಯಿತು; ಆದರೂ ವರ್ಚುವಲ್ ಯಂತ್ರ ಏಳಲಿಲ್ಲ. ಲಿನಕ್ಸ್‌ಗೆ ಕೆವಿಎಂ ಎಂಬ ತನ್ನದೇ ವರ್ಚುವಲೈಸೇಶನ್ ವ್ಯವಸ್ಥೆ 2007ರಿಂದ ಇದೆ. ಮೊದಲೆಲ್ಲ ಯಾರಾದರೂ ಅದರಲ್ಲಿ ಯಂತ್ರ ತೆರೆದಾಗ ಮಾತ್ರ ಅದು ವಿಟಿ-ಎಕ್ಸ್ ಅನ್ನು ಕೈಗೆತ್ತಿಕೊಳ್ಳುತ್ತಿತ್ತು. 6.12ರಿಂದ ಲೋಡ್ ಆದ ಕೂಡಲೇ ವಶಕ್ಕೆ ತೆಗೆದುಕೊಳ್ಳುತ್ತದೆ. ವರ್ಚುವಲ್‌ಬಾಕ್ಸ್ ಬಂದು ನೋಡಿದರೆ ಜಾಗ ಖಾಲಿ ಇಲ್ಲ. ಕೆವಿಎಂ ಮಾಡ್ಯೂಲನ್ನು ಇಳಿಸಿದರೆ ದಾರಿ ತೆರೆಯುತ್ತದೆ.

ಒಳಗಿನ ಫಂಕ್ಷನ್‌ಗಳನ್ನು ಬದಲಾಯಿಸುವ ಸ್ವಾತಂತ್ರ್ಯ ಕರ್ನಲ್ ಬರೆಯುವವರಿಗೆ ಇರಲೇಬೇಕು ಎಂದು ನಾನು ನಂಬುತ್ತೇನೆ. ಅದಿಲ್ಲದಿದ್ದರೆ ಹಳೆಯ ದೋಷಗಳನ್ನೂ ಕಾಪಾಡಿಕೊಂಡು ಬರಬೇಕಾಗುತ್ತದೆ. ಆದರೆ ಮಾಡ್ಯೂಲ್ ತಯಾರಾಗಲಿಲ್ಲ ಎಂಬ ಸುದ್ದಿ ಅಪ್‌ಗ್ರೇಡ್‌ನ ನೂರಾರು ಸಾಲುಗಳ ನಡುವೆ ಹೂತುಹೋಗುವುದು ತಪ್ಪು. ರೀಸ್ಟಾರ್ಟ್ ಮಾಡುವ ಮೊದಲೇ ಬಳಕೆದಾರನಿಗೆ ಅದನ್ನು ಎದುರಿಟ್ಟು ಹೇಳಬೇಕು.

ಇಂಥ ಹೊತ್ತಿನಲ್ಲಿ ವರ್ಚುವಲ್ ಯಂತ್ರವನ್ನು ಅಳಿಸಿ ಹೊಸದಾಗಿ ಕಟ್ಟಲು ಹೊರಡಬೇಡಿ. ಅದರ ಡಿಸ್ಕ್ ಒಂದು ಸಾಮಾನ್ಯ ಕಡತ. ಈ ಗಲಾಟೆಯಲ್ಲಿ ಅದನ್ನು ಯಾರೂ ಮುಟ್ಟಿರುವುದಿಲ್ಲ. ಉಬುಂಟು ಸಾಮಾನ್ಯವಾಗಿ ಹಿಂದಿನ ಕರ್ನಲನ್ನೂ ಉಳಿಸಿಕೊಂಡಿರುತ್ತದೆ. ಕಂಪ್ಯೂಟರ್ ಶುರುವಾಗುವಾಗ ಸಿಗುವ ಗ್ರಬ್ ಮೆನುವಿನಲ್ಲಿ ಅದನ್ನು ಆರಿಸಿಕೊಂಡರೆ ಹಳೆಯ ಮಾಡ್ಯೂಲ್ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಅವತ್ತಿನ ಕೆಲಸ ಮುಗಿಸಿಕೊಂಡು, ಹೆಡರ್ ಕಡತಗಳನ್ನು ಹಾಕಿ, ವರ್ಚುವಲ್‌ಬಾಕ್ಸ್‌ನ ಹೊಸ ಆವೃತ್ತಿ ಬಂದಿದೆಯೇ ಎಂದು ನಿಧಾನವಾಗಿ ನೋಡಬಹುದು.