ಕದಂಬರ ಚರಿತ್ರೆ ಬರೆಸಿದ ಸ್ಪೇನಿನ ಪಾದ್ರಿ

ನಮ್ಮ ಬೆಳಗಾವಿ ಜಿಲ್ಲೆಯ ಕಬ್ಬೂರಿನ ಹುಡುಗರು ಇವತ್ತು ಡಿಗ್ರಿಗೆ ಚಿಕ್ಕೋಡಿಗೋ ಬೆಳಗಾವಿಗೋ ಹೋಗುತ್ತಾರೆ. ನೂರು ವರ್ಷದ ಹಿಂದೆ ಆ ಅನುಕೂಲ ಎಲ್ಲಿತ್ತು? ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದರೂ ಪದವಿ ಕೊಡುತ್ತಿದ್ದುದು ಮುಂಬೈ ವಿಶ್ವವಿದ್ಯಾಲಯವೇ. ಅದೇ ವಿಶ್ವವಿದ್ಯಾಲಯದ ಇನ್ನೊಂದು ಕಾಲೇಜು ಮುಂಬೈಯ ಸೇಂಟ್ ಝೇವಿಯರ್ಸ್. ಅಲ್ಲಿ ಕನ್ನಡ ನಾಡಿನ ಚರಿತ್ರೆಗಾಗಿ ನಡೆದ ಕೆಲಸ ನಮ್ಮ ಕಡೆ ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಆ ಕಾಲೇಜು ನಡೆಸುವ ಯೇಸುಸಭೆಯ ಪಾದ್ರಿಗಳು, ಅಂದರೆ ಜೆಸ್ವಿಟರು, ಕನ್ನಡಿಗರಿಗೆ ಹೊಸಬರಲ್ಲ. ಬೆಳಗಾವಿ ಕ್ಯಾಂಪಿನ ಸೇಂಟ್ ಪೌಲ್ಸ್ ಹೈಸ್ಕೂಲು 1856ರದು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಕಟ್ಟಿದವರು ಇಟಲಿಯ ಜೆಸ್ವಿಟರು. ಝೇವಿಯರ್ಸ್ ಅನ್ನು 1869ರಲ್ಲಿ ಆರಂಭಿಸಿದವರು ಜರ್ಮನ್ನರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಇರಗೊಡಲಿಲ್ಲ. ಅವರ ಜಾಗಕ್ಕೆ ಸ್ಪೇನಿನವರು ಬಂದರು. ಹಾಗೆ 1922ರಲ್ಲಿ ಬಂದವರು ಬಾರ್ಸಿಲೋನಾದ ಫಾದರ್ ಹೆನ್ರಿ ಹೆರಾಸ್.

ಯಾವ ಚರಿತ್ರೆ ಕಲಿಸುತ್ತೀರಿ ಎಂದು ಪ್ರಾಂಶುಪಾಲರು ಕೇಳಿದರಂತೆ. ನಿಮ್ಮ ಹುಡುಗರಿಗೆ ಯಾವುದು ಎಲ್ಲಕ್ಕಿಂತ ಕಡಿಮೆ ಗೊತ್ತು ಎಂದು ಇವರು ತಿರುಗಿ ಕೇಳಿದರಂತೆ. ಭಾರತದ್ದು ಎಂಬ ಉತ್ತರ ಬಂದದ್ದೇ ತಡ, ಹಾಗಾದರೆ ಅದೇ ಇರಲಿ ಅಂದರಂತೆ.

1926ರಲ್ಲಿ ಅವರು ಕಾಲೇಜಿನಲ್ಲೇ ಚರಿತ್ರೆಯ ಸಂಶೋಧನಾ ಸಂಸ್ಥೆ ತೆರೆದರು. ಮರುವರ್ಷವೇ ವಿಜಯನಗರದ ಅರವೀಡು ವಂಶದ ಮೇಲೆ ಅವರ ದೊಡ್ಡ ಗ್ರಂಥ ಬಂತು. 1929ರ ಪುಸ್ತಕವಂತೂ ಜಗಳಕ್ಕೇ ಕಾರಣವಾಯಿತು: ವಿದ್ಯಾರಣ್ಯರು ವಿಜಯನಗರ ಕಟ್ಟಿಸಿದರೆಂಬುದು ಹದಿನಾರನೇ ಶತಮಾನದಲ್ಲಿ ಹುಟ್ಟಿಸಿದ ಕಥೆ, ನಗರಕ್ಕೆ ಬುನಾದಿ ಹಾಕಿದವನು ಹೊಯ್ಸಳ ಮೂರನೇ ಬಲ್ಲಾಳ ಎಂಬುದು ಅವರ ವಾದ. ಎಲ್ಲರೂ ಒಪ್ಪಲಿಲ್ಲ, ಆದರೆ ಆ ಪುಸ್ತಕವನ್ನು ಬದಿಗಿಟ್ಟು ಈ ವಿಷಯ ಬರೆಯಲಾಗದು.

ಬೆಳಗಾವಿಯವರಿಗೆ ಹತ್ತಿರದ ಪುಸ್ತಕ ಮಾತ್ರ ಅವರ ಶಿಷ್ಯನದು. ಜಾರ್ಜ್ ಮೊರಾಯಸ್ ಅವರ ‘ಕದಂಬ ಕುಲ’ 1931ರಲ್ಲಿ ಹೆರಾಸರ ಮುನ್ನುಡಿಯೊಂದಿಗೆ ಬಂತು. ಬನವಾಸಿ, ಹಾನಗಲ್ಲು, ಗೋವೆಯ ಕದಂಬರ ಮೂರೂ ಶಾಖೆಗಳು ಅದರಲ್ಲಿವೆ. ಖಾನಾಪುರ ತಾಲೂಕಿನ ಹಲಸಿ ಆ ಕಾಲದ ಪಲಾಸಿಕಾ. ಅಲ್ಲಿ ಸಿಕ್ಕ ತಾಮ್ರಪಟಗಳು ಆರಂಭದ ಕದಂಬರ ಚರಿತ್ರೆಗೆ ಒಂದು ದೊಡ್ಡ ಆಧಾರ. ತಂದೆಯ ನೆನಪಿಗೆ ಕದಂಬ ದೊರೆ ಮೃಗೇಶವರ್ಮ ಅಲ್ಲಿ ಜಿನಾಲಯ ಕಟ್ಟಿಸಿದ ಸಂಗತಿ ತಿಳಿದದ್ದೂ ಅಂಥದೊಂದು ಪಟದಿಂದಲೇ. ಬಸದಿಗಳು ತುಂಬಿರುವ ಚಿಕ್ಕೋಡಿ, ರಾಯಬಾಗ, ಅಥಣಿಯ ಓದುಗರು ಇಷ್ಟನ್ನಾದರೂ ಗಮನಿಸಬೇಕು.

ಹೆರಾಸರ ಎಲ್ಲ ಮಾತೂ ನಿಲ್ಲಲಿಲ್ಲ. ಸಿಂಧೂ ಮುದ್ರೆಗಳನ್ನು ದ್ರಾವಿಡ ನುಡಿಯಾಗಿ ಓದಿದ್ದೇನೆ ಎಂದದ್ದನ್ನು ವಿದ್ವಾಂಸರು ಒಪ್ಪಲಿಲ್ಲ. ಅವರ ನಿಜವಾದ ಸಾಧನೆ ಬೇರೆ: ಪರೀಕ್ಷೆಗೆ ಉರು ಹೊಡೆಯುವ ಕಾಲೇಜಿನೊಳಗೆ ಶಾಸನ, ನಾಣ್ಯ, ಮೂಲ ದಾಖಲೆ ನೋಡಿ ಬರೆಯುವ ಪಾಠ ತಂದದ್ದು.

ಅವರು 1955ರಲ್ಲಿ ಮುಂಬೈಯಲ್ಲೇ ತೀರಿಕೊಂಡರು. 1981ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಸಂಸ್ಥೆಗೆ ಈಗ ಅವರದೇ ಹೆಸರು. ಗ್ರಂಥಾಲಯ, ವಸ್ತುಸಂಗ್ರಹ ಎರಡೂ ಅಲ್ಲಿವೆ. ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ನಮ್ಮ ಭಾಗದ ಚರಿತ್ರೆಯ ವಿದ್ಯಾರ್ಥಿಗಳು ಮುಂಬೈಗೆ ಹೋದಾಗ ಒಮ್ಮೆ ನೋಡಿ ಬರಲಿ.