ದವಾಖಾನಿ ಲೆಕ್ಕಕ್ಕೆ ಸಿಗದ ಸಾವು

"ಈಗ ಹಾವು ಕಡದು ಯಾರು ಸಾಯ್ತಾರ್ರೀ? ದವಾಖಾನಿ ಲೆಕ್ಕ ತಗದು ನೋಡ್ರಿ, ಒಬ್ರೋ ಇಬ್ರೋ."

ತಿಕೋಟಾದ ಚಹಾದಂಗಡಿಯಲ್ಲಿ ಯಾರೋ ಹೀಗೆಂದರೆ ಕೇಳಿ ಸುಮ್ಮನಾಗಬಹುದು. ವಿಜಯಪುರದಲ್ಲಿ ಓದಿಕೊಂಡವರು, ದಿನಾ ಪೇಪರು ತಿರುವಿಹಾಕುವವರು ಇದೇ ಮಾತಾಡಿದಾಗ ಮಾತ್ರ ಮೈ ಉರಿಯುತ್ತದೆ. ಯಾವ ರೋಗ ದೇಶವನ್ನು ಎಷ್ಟು ಕಾಡುತ್ತಿದೆ ಎಂಬುದೆಲ್ಲ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ, ಕೂಡಿಸಿದರೆ ಮುಗಿಯಿತು ಎಂಬ ನಂಬಿಕೆ ಇವರದು. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಸತ್ತವನ ಹೆಸರು ಆ ರಿಜಿಸ್ಟರಿಗೆ ಹೇಗೆ ಬಂದೀತು ಎಂದು ಒಬ್ಬರೂ ಕೇಳುವುದಿಲ್ಲ.

ಸರ್ಕಾರಿ ಲೆಕ್ಕವನ್ನೇ ತೆಗೆಯೋಣ. 2003ರಿಂದ 2015ರವರೆಗೆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 15,500 ಮಂದಿ. ಅದು ಹದಿಮೂರು ವರ್ಷದ ಮೊತ್ತ. ಡಾ. ಪ್ರಭಾತ್ ಝಾ ಅವರ ನೇತೃತ್ವದ 'ಮಿಲಿಯನ್ ಡೆತ್ ಸ್ಟಡಿ' ಇದೇ ಪ್ರಶ್ನೆಯನ್ನು ಸತ್ತವರ ಮನೆ ಬಾಗಿಲಲ್ಲಿ ಕೇಳಿತು. 2005ರ ಒಂದೇ ವರ್ಷಕ್ಕೆ ಬಂದ ಅಂದಾಜು ಸುಮಾರು 46,000 ಸಾವು. 2020ರಲ್ಲಿ ಪ್ರಕಟವಾದ ಮುಂದಿನ ಲೆಕ್ಕ ಇನ್ನೂ ದೊಡ್ಡದು: 2000ದಿಂದ 2019ರವರೆಗೆ ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000. ಮೊದಲ ಅಧ್ಯಯನದ ಪ್ರಕಾರ ಸತ್ತವರಲ್ಲಿ ನೂರಕ್ಕೆ 97 ಮಂದಿ ಹಳ್ಳಿಯವರು, 77 ಮಂದಿ ಸತ್ತದ್ದು ಆಸ್ಪತ್ರೆಯ ಹೊರಗೆ.

ಅತಿ ಹೆಚ್ಚು ಸಾವಿನ ಎಂಟು ರಾಜ್ಯಗಳಲ್ಲಿ ಕರ್ನಾಟಕ ಇಲ್ಲ. ಹಾಗೆಂದು ಬಬಲೇಶ್ವರದವರು ನಿಶ್ಚಿಂತೆಯಿಂದ ಇರುವಂತಿಲ್ಲ. ಏತ ನೀರಾವರಿಯಿಂದ ನೀರು ಬಂತು, ಕಬ್ಬು ಬಂತು, ಇಲಿ ಬಂತು, ಇಲಿಯ ಬೆನ್ನಿಗೆ ಹಾವು ಬಂತು. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ನೀರು ಹಾಯಿಸುವುದೂ ರಾತ್ರಿಯೇ. ಬರಿಗಾಲಲ್ಲಿ ಬದುವಿನ ಮೇಲೆ ನಡೆಯುವಾಗ ಕೊಳಕುಮಂಡಲ ಕಾಲಡಿ ಸಿಗುತ್ತದೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ನೆಲದ ಮೇಲೆ ಮಲಗಿದವನನ್ನು ಕಟ್ಟುಹಾವು ಕಚ್ಚಿದರೆ ಎಚ್ಚರವೂ ಆಗದಿರಬಹುದು. ಅದರ ಕಡಿತಕ್ಕೆ ಉರಿ, ಬಾವು ಅಷ್ಟಾಗಿ ಇರುವುದಿಲ್ಲ. ಬೆಳಗಾಗುವ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದು, ಮಾತು ತೊದಲುತ್ತದೆ. ಮನೆಯವರು ತಿಂದದ್ದು ಆಗಲಿಲ್ಲ ಎಂದುಕೊಳ್ಳುತ್ತಾರೆ. ಜಿಲ್ಲಾಸ್ಪತ್ರೆ ಅರ್ಧ ಮುಕ್ಕಾಲು ಗಂಟೆಯ ದಾರಿ, ಆದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಇದನ್ನೆಲ್ಲ ಹೇಳಿದರೆ ಬರುವ ಮರುಪ್ರಶ್ನೆಯೂ ನನಗೆ ಬಾಯಿಪಾಠ: "ನಮ್ಮ ಮನಿಗೆ ಯಾರೂ ಬಂದು ಕೇಳಿಲ್ಲಲ್ಲ, ಈ ಲೆಕ್ಕ ಎಲ್ಲಿಂದ ಬಂತು?" ಎಪಿಎಂಸಿಯಲ್ಲಿ ಖರೀದಿದಾರ ಒಂದು ಮುಷ್ಟಿ ಒಣದ್ರಾಕ್ಷಿ ನೋಡಿ ಇಡೀ ಲಾಟಿಗೆ ದರ ಕೂಗಿದಾಗ ಇವರು ತಕರಾರು ತೆಗೆಯುವುದಿಲ್ಲ. ಮುಷ್ಟಿ ಎಲ್ಲಿಂದ ತೆಗೆದ, ಮೇಲಿನಿಂದಲೋ ಚೀಲದ ತಳದಿಂದಲೋ, ಅದಷ್ಟೇ ಮುಖ್ಯ. ಝಾ ಅವರ ಅಧ್ಯಯನಕ್ಕೆ ಆಧಾರವಾದ ದೇಶದ ಮಾದರಿ ನೋಂದಣಿ ವ್ಯವಸ್ಥೆ ಮಾಡುವುದೂ ಅದನ್ನೇ. ಎಲ್ಲ ರಾಜ್ಯಗಳಿಂದ ಆಯ್ದ ಹಳ್ಳಿ ಮತ್ತು ನಗರ ಘಟಕಗಳಲ್ಲಿ ಹುಟ್ಟು ಸಾವುಗಳನ್ನು ವರ್ಷವಿಡೀ ಬರೆದಿಡುತ್ತಾರೆ. ಆರಾರು ತಿಂಗಳಿಗೆ ಬೇರೆಯವರು ಬಂದು ತಾಳೆ ನೋಡುತ್ತಾರೆ. ಸಾವಿನ ಅಧ್ಯಯನಕ್ಕೆ ಬಂದ ಸಮೀಕ್ಷಕ ಸತ್ತವರ ಹೆಂಡತಿಯೋ ತಾಯಿಯೋ ಹೇಳಿದ್ದನ್ನು, ಜ್ವರ ಯಾವಾಗ ಬಂತು, ಎಲ್ಲಿ ನೋವಿತ್ತು, ಯಾರಿಗೆ ತೋರಿಸಿದರು ಎಂಬುದನ್ನು, ಆ ಊರಿನ ಭಾಷೆಯಲ್ಲೇ ಅರ್ಧ ಪುಟ ಬರೆದುಕೊಳ್ಳುತ್ತಾನೆ. ಅದನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ನಿರ್ಧರಿಸುತ್ತಾರೆ. ಇಬ್ಬರಿಗೂ ಒಮ್ಮತವಾಗದಿದ್ದರೆ ಮೂರನೆಯ ಹಿರಿಯ ವೈದ್ಯರು ತೀರ್ಮಾನಿಸುತ್ತಾರೆ. ಎಪ್ಪತ್ತು ದಾಟಿದವರ ಸಾವಿನಲ್ಲಿ ಈ ವಿಧಾನ ತಡವರಿಸುತ್ತದೆ, ನಿಜ. ಹಾವು ಕಡಿತ, ನೀರಿಗೆ ಬಿದ್ದದ್ದು, ಲಾರಿ ಹಾಯ್ದದ್ದು, ಇವನ್ನು ಮಾತ್ರ ತಾಯಿ ತಪ್ಪು ಹೇಳುವುದು ಅಪರೂಪ.

ಇನ್ನು ಮಂತ್ರಗಾರರ ಪ್ರಚಾರಕರು. "ನಮ್ಮ ಅಜ್ಜಾರ ಹತ್ರ ಹೋದವರು ನೂರಕ್ಕ ತೊಂಬತ್ತು ಮಂದಿ ಉಳದಾರ" ಎನ್ನುತ್ತಾರೆ. ಉಳಿಯದೆ ಏನು? ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರಿಗೆ ಬೇವಿನ ಸೊಪ್ಪು ತಿನ್ನಿಸಿ "ಕಹಿ ಹತ್ತೇತೇನು?" ಎಂದು ಕೇಳಿದರೂ ಉಳಿಯುತ್ತಾರೆ, ಬೆಲ್ಲ ತಿನ್ನಿಸಿದರೂ ಉಳಿಯುತ್ತಾರೆ. ಉಳಿದವರು ಕಾಯಿ, ಊದುಬತ್ತಿ ಹಿಡಿದು ತಿರುಗಿ ಬಂದು ಹೊಗಳುತ್ತಾರೆ. ಸತ್ತವರು ದೂರಲು ಬರುವುದಿಲ್ಲ. ಆಸ್ಪತ್ರೆಯ ಲೆಕ್ಕದಲ್ಲಿ ಸತ್ತವರು ಕಾಣುವುದಿಲ್ಲ, ಅಜ್ಜನ ಲೆಕ್ಕದಲ್ಲೂ ಕಾಣುವುದಿಲ್ಲ. ಆದರೂ ಮನೆ ಮನೆ ತಿರುಗಿ ಬರೆದ ಲೆಕ್ಕ ಸುಳ್ಳು, ವಾಟ್ಸಾಪಿನಲ್ಲಿ ಬಂದ 'ವಿಷ ಇಳಿಸುವ ಬೇರು' ನಿಜ!

ಇದೇ ಸಾಲಿನ ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. "ಹೃದಯ ನಿಂತು ಸತ್ತ": ಎಲ್ಲರೂ ಸಾಯುವುದು ಹಾಗೆಯೇ, ಅದು ಕಾರಣವಲ್ಲ, ಹೃದಯ ಯಾಕೆ ನಿಂತಿತು ಎಂಬುದು ಬೇಕು. "ಬಿಪಿ, ಶುಗರ್ ಪ್ಯಾಟಿ ಮಂದಿಗೆ": ಭಾರತದ ರೋಗಭಾರದಲ್ಲಿ ಹೃದ್ರೋಗ, ಮಧುಮೇಹ, ಕ್ಯಾನ್ಸರಿನಂಥವುಗಳ ಪಾಲು 1990ರಲ್ಲಿ ಶೇ 30 ಇದ್ದದ್ದು 2016ಕ್ಕೆ ಶೇ 55 ಆಯಿತು, ಅಷ್ಟು ಮಂದಿ ಪೇಟೆಯಲ್ಲಿಲ್ಲ. "ಹೆಚ್ಚು ಮಂದಿ ಸತ್ತರೆ ಅದೇ ದೊಡ್ಡ ರೋಗ": ರೋಗಭಾರ ಅಳೆಯುವವರು ಹೆಣ ಎಣಿಸಿ ನಿಲ್ಲುವುದಿಲ್ಲ, ಅಕಾಲ ಸಾವಿನಿಂದ ಹೋದ ವರ್ಷಗಳನ್ನೂ ನರಳುತ್ತ ಕಳೆದ ವರ್ಷಗಳನ್ನೂ ಕೂಡಿಸುತ್ತಾರೆ. ಹೊಲದಲ್ಲಿ ಸತ್ತ ಇಪ್ಪತ್ತರ ಹುಡುಗ ಈ ತಕ್ಕಡಿಯಲ್ಲಿ ಎಂಬತ್ತರ ಮುದುಕನಿಗಿಂತ ಬಹಳ ಭಾರ. ಕೊಳಕುಮಂಡಲ ಕಚ್ಚಿ ಕಾಲು ಕಳೆದುಕೊಂಡು ಬದುಕಿ ಉಳಿದವನೂ ಅದರಲ್ಲಿ ತೂಗುತ್ತಾನೆ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಖಾಸಗಿ ಆಸ್ಪತ್ರೆಗಳೂ ಲೆಕ್ಕ ಕೊಡಬೇಕು. ಆ ವರ್ಷ ದಾಖಲಾದ ಪ್ರಕರಣಗಳು ಏರಿದವು. ಏರಿದ ಕೂಡಲೇ "ಹಾವು ಜಾಸ್ತಿ ಆಗ್ಯಾವ" ಎಂಬ ಹೊಸ ಮಾತು ಹುಟ್ಟಿತು. ಹಾವು ಮೊದಲೂ ಇದ್ದವು, ಈಗ ಬರೆದುಕೊಳ್ಳುತ್ತಿದ್ದಾರೆ ಅಷ್ಟೇ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಷ್ಟು ವಿಷನಿರೋಧಕ ಚುಚ್ಚುಮದ್ದು ಬೇಕು ಎಂದು ಲೆಕ್ಕ ಹಾಕುವವರಿಗೆ ಕಾಣುವುದು ಕಾಗದದ ಮೇಲಿನ ಸಂಖ್ಯೆ ಮಾತ್ರ.

ಆದ್ದರಿಂದ ತಾಂಡಾದಲ್ಲಾಗಲಿ ತೋಟದ ಮನೆಯಲ್ಲಾಗಲಿ ಇಂಥ ಸಾವಾದರೆ ಪೊಲೀಸರಿಗೆ ತಿಳಿಸಿ, ಪಂಚನಾಮೆ, ಮರಣೋತ್ತರ ಪರೀಕ್ಷೆ ಮಾಡಿಸದೆ ಮಣ್ಣು ಮಾಡಬೇಡಿ. 21 ದಿನದೊಳಗೆ ಸಾವು ನೋಂದಾಯಿಸಿ, ಕಾರಣ ಹಾವು ಕಡಿತ ಎಂದೇ ಬರೆಸಿ. ಹಾವು ಕಡಿದು ಸತ್ತ ರೈತನ ಕುಟುಂಬಕ್ಕೆ ಕೃಷಿ ಇಲಾಖೆ ಕೊಡುವ 2 ಲಕ್ಷ ರೂಪಾಯಿ ಪರಿಹಾರವೂ ಈ ಕಾಗದಗಳಿಲ್ಲದೆ ಕೈಗೆ ಬರುವುದಿಲ್ಲ.